ನವಮಾಸದ ಪಯಣ: ತಾಯಿಯ ದೇಹದಲ್ಲಿ ಆಗುವ ಬದಲಾವಣೆ, ಮಗುವಿನ ಬೆಳವಣಿಗೆ

ನವಮಾಸ ಎಂಬುದು ನಮ್ಮ ರೂಢಿಯ ಲೆಕ್ಕ. ವೈದ್ಯರು ಗರ್ಭಾವಸ್ಥೆಯನ್ನು ವಾರಗಳಲ್ಲಿ ಎಣಿಸುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ, ಅಂದರೆ 280 ದಿನ. ಆ ದಿನಾಂಕಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ದೊರೆಯುತ್ತದೆ. ಮುಟ್ಟು ಕ್ರಮಬದ್ಧವಾಗಿಲ್ಲದವರಿಗೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ನ ಲೆಕ್ಕವೇ ಹೆಚ್ಚು ನಿಖರ. ಅಂದಾಜು ದಿನದಂದೇ ಹೆರುವವರು ಕೆಲವರು ಮಾತ್ರ. 37 ವಾರ ತುಂಬಿದ ಮೇಲೆ ಹುಟ್ಟಿದ ಮಗುವನ್ನು ದಿನ ತುಂಬಿದ ಮಗು ಎಂದು ಪರಿಗಣಿಸಲಾಗುತ್ತದೆ.

ಮೊದಲ ಮೂರು ತಿಂಗಳು

ಗರ್ಭನಾಳದಲ್ಲಿ ಫಲಿತಗೊಂಡ ಅಂಡಾಣು ಸುಮಾರು ಒಂದು ವಾರದ ಬಳಿಕ ಗರ್ಭಕೋಶದ ಒಳಪದರದಲ್ಲಿ ನೆಲೆಯೂರುತ್ತದೆ. ಆಗ ಉತ್ಪತ್ತಿಯಾಗುವ ಎಚ್‌ಸಿಜಿ ಹಾರ್ಮೋನನ್ನೇ ಮೂತ್ರ ಪರೀಕ್ಷೆ ಪತ್ತೆ ಹಚ್ಚುವುದು. ಆರನೇ ವಾರದ ಹೊತ್ತಿಗೆ ಭ್ರೂಣದ ಹೃದಯ ಮಿಡಿಯತೊಡಗುತ್ತದೆ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದೂ ಇದೇ ವೇಳೆಗೆ. ಮುಟ್ಟು ನಿಂತದ್ದು ಖಚಿತವಾಗಿ ವೈದ್ಯರ ಬಳಿ ಹೋಗುವಷ್ಟರಲ್ಲಿ ಈ ಕಾರ್ಯ ಬಹುತೇಕ ಮುಗಿದಿರುತ್ತದೆ. ಆದ್ದರಿಂದಲೇ ನರನಾಳದ ದೋಷ ತಡೆಯುವ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಧರಿಸುವ ಮುಂಚಿನಿಂದಲೇ ಸೇವಿಸುವುದು ಸೂಕ್ತ.

ಹನ್ನೆರಡನೇ ವಾರಕ್ಕೆ ಶಿಶು ನೆತ್ತಿಯಿಂದ ಪೃಷ್ಠದವರೆಗೆ ಐದಾರು ಸೆಂಟಿಮೀಟರ್ ಉದ್ದವಿರುತ್ತದೆ. ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ. ಮುಂದಿನದು ಬಹುಮಟ್ಟಿಗೆ ಬೆಳೆಯುವ, ಬಲಿಯುವ ಕೆಲಸ. ಈ ಅವಧಿಯಲ್ಲಿ ಔಷಧಿ, ಮದ್ಯ ಮತ್ತು ತಂಬಾಕಿನ ಬಗ್ಗೆ ವಿಶೇಷ ಎಚ್ಚರ ಬೇಕೆನ್ನುವುದು ಇದೇ ಕಾರಣಕ್ಕೆ.

ತಾಯಿಗೆ ವಾಕರಿಕೆ, ಆಯಾಸ, ಸ್ತನಗಳಲ್ಲಿ ನೋವು, ಪದೇ ಪದೇ ಮೂತ್ರ ವಿಸರ್ಜನೆ ಸಾಮಾನ್ಯ. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವುದರಿಂದ ವಾಕರಿಕೆ ಹದಕ್ಕೆ ಬರುತ್ತದೆ. ನೀರೂ ಉಳಿಯದಷ್ಟು ವಾಂತಿಯಾದರೆ ಚಿಕಿತ್ಸೆ ಅಗತ್ಯ.

ನಡುವಿನ ಮೂರು ತಿಂಗಳು

ವಾಕರಿಕೆ ತಗ್ಗಿ ಹಸಿವು ಮರಳುವ ಕಾಲ ಇದು. ಚೊಚ್ಚಲ ಬಸುರಿಗೆ 18ರಿಂದ 20ನೇ ವಾರದ ಸುಮಾರಿಗೆ ಮಗುವಿನ ಮಿಸುಕಾಟ ತಿಳಿಯುತ್ತದೆ. ಈ ಮೊದಲು ಹೆತ್ತವರಿಗೆ ತುಸು ಬೇಗ. ಇಪ್ಪತ್ತನೇ ವಾರಕ್ಕೆ ಮಗುವಿನ ತೂಕ ಸುಮಾರು 300 ಗ್ರಾಂ, ಗರ್ಭಕೋಶದ ಮೇಲ್ತುದಿ ತಾಯಿಯ ಹೊಕ್ಕುಳ ಮಟ್ಟದಲ್ಲಿ.

ಕಣ್ಣಿಗೆ ಕಾಣದ ದೊಡ್ಡ ಬದಲಾವಣೆ ರಕ್ತದ್ದು. ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ. ಆದರೆ ಕೆಂಪು ರಕ್ತಕಣಗಳಿಗಿಂತ ದ್ರವಾಂಶವೇ ಹೆಚ್ಚಾಗುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. ಆದರೆ ಅದು 11 ಗ್ರಾಂಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ರಕ್ತಹೀನತೆ ಎಂದೇ ಪರಿಗಣಿಸಬೇಕು. "ಬಸುರಿಗೆ ಸುಸ್ತು ಇದ್ದದ್ದೇ" ಎಂದು ಕಡೆಗಣಿಸಿದರೆ, ಹೆರಿಗೆಯ ವೇಳೆ ಆಗುವ ರಕ್ತಸ್ರಾವವನ್ನು ತಾಳಿಕೊಳ್ಳುವ ಶಕ್ತಿಯೇ ಆಕೆಗೆ ಉಳಿಯದು.

ಕಬ್ಬಿಣಾಂಶದ ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬ ಭಯ ಇಂದಿಗೂ ಅಲ್ಲಲ್ಲಿ ಇದೆ. ಮಲ ಕಪ್ಪಾಗುವುದು ನಿಜ, ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಮಾತ್ರೆಯ ಜೊತೆಗೆ ಕಾಫಿ, ಚಹಾ ಬೇಡ. ಅವು ಕಬ್ಬಿಣ ಹೀರಿಕೆಗೆ ಅಡ್ಡಿ. ನಿಂಬೆಯ ಪಾನಕ ಸಹಕಾರಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ಸೇವಿಸಬೇಕು.

ಕೊನೆಯ ಮೂರು ತಿಂಗಳು

28ನೇ ವಾರಕ್ಕೆ ಮಗು ಸುಮಾರು ಒಂದು ಕಿಲೋ ತೂಗುತ್ತದೆ, ಕಣ್ಣು ತೆರೆಯುತ್ತದೆ, ಹೊರಗಿನ ಸದ್ದಿಗೆ ಸ್ಪಂದಿಸುತ್ತದೆ. ಚರ್ಮದಡಿ ಕೊಬ್ಬು ಸಂಗ್ರಹವಾಗಿ, ಶ್ವಾಸಕೋಶಗಳು ಬಲಿಯುವುದು ಈ ಅವಧಿಯಲ್ಲಿ. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂಬ ಮಾತಿಗೆ ಆಧಾರವಿಲ್ಲ. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿನ ಉಸಿರಾಟಕ್ಕೆ ಬಲ ತುಂಬುತ್ತದೆ.

ತಾಯಿಗೆ ಎದೆಯುರಿ, ಮಲಬದ್ಧತೆ, ಬೆನ್ನುನೋವು, ಸಂಜೆ ಪಾದದ ಊತ ಕಾಣಿಸಿಕೊಳ್ಳಬಹುದು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುವುದರಿಂದ ಮಗ್ಗುಲಾಗಿ ಮಲಗುವುದು ಲೇಸು.

ತೂಕದ ಲೆಕ್ಕ

ಸಾಧಾರಣ ಮೈಕಟ್ಟಿನ ಮಹಿಳೆಯ ತೂಕ ಒಟ್ಟು 11–12 ಕಿಲೋ ಏರುವುದು ಆರೋಗ್ಯಕರ. ಇದರಲ್ಲಿ ಮಗುವಿನ ಪಾಲು ಮೂರು ಕಿಲೋದಷ್ಟು ಮಾತ್ರ. ಮಾಸು, ಗರ್ಭದ ನೀರು, ಹಿಗ್ಗಿದ ಗರ್ಭಕೋಶ, ಹೆಚ್ಚಿದ ರಕ್ತ ಮತ್ತು ಹಾಲೂಡಿಸುವ ದಿನಗಳಿಗಾಗಿ ಸಂಗ್ರಹವಾಗುವ ಕೊಬ್ಬು ಉಳಿದದ್ದು. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಊಟ ಕಡಿಮೆ ಮಾಡುವುದು ತಪ್ಪು. ಇಬ್ಬರಿಗಾಗಿ ಉಣ್ಣಬೇಕೆಂದು ಎರಡು ಪಾಲು ಬಡಿಸುವುದೂ ಬೇಕಿಲ್ಲ. ರಾಗಿ, ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಹಣ್ಣುಗಳು ನಿತ್ಯದ ಊಟದಲ್ಲಿದ್ದರೆ ಸಾಕು.

ತಡಮಾಡಬಾರದ ಲಕ್ಷಣಗಳು

* ಯಾವುದೇ ತಿಂಗಳಲ್ಲಿ ರಕ್ತಸ್ರಾವ
* ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು, ಮುಖ ಮತ್ತು ಕೈಗಳ ಊತ (ಇವು ಏರಿದ ರಕ್ತದೊತ್ತಡದ ಸೂಚನೆ ಇರಬಹುದು)
* ಮಗುವಿನ ಚಲನೆ ಎಂದಿಗಿಂತ ಕಡಿಮೆಯಾಗುವುದು
* ದಿನ ತುಂಬುವ ಮೊದಲೇ ನೀರು ಹೋಗುವುದು ಅಥವಾ ನೋವು ಬರುವುದು
* ಜ್ವರ, ಮೂತ್ರದಲ್ಲಿ ಉರಿ, ಫಿಟ್ಸ್

ಇಂಥ ಸಂದರ್ಭದಲ್ಲಿ ಮನೆಮದ್ದು ಮಾಡುತ್ತ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬಹುದು.

ಎಲ್ಲವೂ ಸರಿಯಿದ್ದರೂ ಕನಿಷ್ಠ ನಾಲ್ಕು ಬಾರಿ ತಪಾಸಣೆ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಭೇಟಿಗಳನ್ನು ಶಿಫಾರಸು ಮಾಡಿದೆ. ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರ ಪರೀಕ್ಷೆಗಳ ವಿವರ ದಾಖಲಾಗುವ ತಾಯಿ ಕಾರ್ಡನ್ನು ಗರ್ಭಿಣಿ ಎಲ್ಲಿಗೇ ಹೋದರೂ ಜೊತೆಗಿಟ್ಟುಕೊಳ್ಳಬೇಕು. ತವರಿಗೆ ಹೆರಿಗೆಗೆ ಹೋಗುವ ನಮ್ಮ ಪದ್ಧತಿಯಲ್ಲಿ, ಹೊಸ ಊರಿನ ವೈದ್ಯರಿಗೆ ಹಿಂದಿನ ತಿಂಗಳುಗಳ ವಿವರ ತಿಳಿಸುವುದು ಆ ಕಾರ್ಡೇ.