ಭಾನುವಾರಕ್ಕೂ ಸೋಮವಾರಕ್ಕೂ ಒಂದೇ ಬಂಡಿ: ಆಸ್ಟ್ರೇಲಿಯಾದ ಯೂಟ್ ನಡೆದು ಬಂದ ದಾರಿ

ಈ ದೇಶಕ್ಕೆ ಬಂದ ಹೊಸತರಲ್ಲಿ ನಾವೆಲ್ಲ ಕಲಿಯುವ ಪದಗಳಲ್ಲಿ ‘ಯೂಟ್’ ಒಂದು. ‘ಯುಟಿಲಿಟಿ’ ಎಂಬುದರ ಮೊಟಕು ರೂಪ. ಮುಂದೆ ಕಾರು, ಹಿಂದೆ ತೆರೆದ ತೊಟ್ಟಿ. ಸಿಡ್ನಿಯ ಫ್ಲೆಮಿಂಗ್ಟನ್ ಸಗಟು ಮಾರುಕಟ್ಟೆಯ ಬಳಿಯಾಗಲಿ, ಮೆಲ್ಬರ್ನ್‌ನ ಪಶ್ಚಿಮದ ಹೊಸ ಬಡಾವಣೆಗಳಲ್ಲಾಗಲಿ ಬೆಳಿಗ್ಗೆ ನಿಂತು ನೋಡಿದರೆ, ಹೊಳೆಯುವ ಎತ್ತರದ ಹೊಸ ಯೂಟ್‌ಗಳ ನಡುವೆ ಬಣ್ಣ ಮಾಸಿದ ಹಳೆಯ ಫೋರ್ಡ್ ಫಾಲ್ಕನ್ ಅಥವಾ ಹೋಲ್ಡನ್ ಒಂದಾದರೂ ಇಟ್ಟಿಗೆಯನ್ನೋ ಹುಲ್ಲು ಕತ್ತರಿಸುವ ಯಂತ್ರವನ್ನೋ ಹೊತ್ತು ಹೋಗುತ್ತಿರುತ್ತದೆ. ಇವನ್ನು ತಯಾರಿಸುವುದು ನಿಂತು ವರ್ಷಗಳೇ ಆದವು. ಆದರೂ ದುಡಿಯುವವರು ಬಿಡುತ್ತಿಲ್ಲ. ಇದು ಹಳೆಯದರ ಮೇಲಿನ ಮೋಹ ಮಾತ್ರವಲ್ಲ, ಗಟ್ಟಿಯಾದ ಲೆಕ್ಕಾಚಾರವೂ ಹೌದು ಎಂದು ನನ್ನ ಅನಿಸಿಕೆ. ಆ ಲೆಕ್ಕ ಅರ್ಥವಾಗಬೇಕಾದರೆ ಯೂಟ್ ಹುಟ್ಟಿದ ಊರಿಗೆ ಹೋಗಬೇಕು.

ಗೀಲಾಂಗ್‌ನಲ್ಲಿ ಒಂದು ಪತ್ರ

ಮೆಲ್ಬರ್ನ್‌ನಿಂದ ಒಂದು ಗಂಟೆಯ ದಾರಿಯ ಗೀಲಾಂಗ್‌ನಲ್ಲಿ ಫೋರ್ಡ್ ಕಂಪನಿ 1925ರಿಂದ ಕಾರು ಜೋಡಿಸುತ್ತಿತ್ತು. 1930ರ ದಶಕದ ಆರಂಭ ಮಹಾ ಆರ್ಥಿಕ ಕುಸಿತದ ಕಾಲ. ರೈತರು ದುಡಿಮೆಯ ವಾಹನಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಬಹುದಿತ್ತು. ಬರೀ ಕಾರು ಬೇಕೆಂದರೆ ಸಿಗುತ್ತಿರಲಿಲ್ಲ. ಆಗ ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡ್ ಪ್ರದೇಶದ ರೈತನ ಹೆಂಡತಿಯೊಬ್ಬಳು ಕಂಪನಿಗೆ ಪತ್ರ ಬರೆದಳೆಂದು ಇಲ್ಲಿ ಎಲ್ಲರೂ ಹೇಳುವ ಕಥೆ. ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಬೇಕು, ಸೋಮವಾರ ಅದರಲ್ಲೇ ಹಂದಿಗಳನ್ನು ಸಂತೆಗೆ ಒಯ್ಯಬೇಕು. ಅಂಥದ್ದೊಂದು ವಾಹನ ಮಾಡಿಕೊಡಿ ಎಂಬುದು ಅವಳ ಬೇಡಿಕೆ.

ಕೆಲಸ ಬಂದದ್ದು ಲೂಯಿಸ್ ಬ್ಯಾಂಟ್ ಎಂಬ ಇಪ್ಪತ್ತರ ಹರೆಯದ ವಿನ್ಯಾಸಕನ ಮೇಜಿಗೆ. ಅದಕ್ಕೆ ಮೊದಲೂ ಹಿಂದೆ ತೊಟ್ಟಿಯಿದ್ದ ಕಾರುಗಳು ಓಡಾಡುತ್ತಿದ್ದವು. ಆದರೆ ಅವುಗಳ ಮುಂಭಾಗಕ್ಕೆ ಬಟ್ಟೆಯ ಹೊದಿಕೆ ಮಾತ್ರ, ಮಳೆಗಾಳಿಗೆ ತಡೆಯುತ್ತಿರಲಿಲ್ಲ. ಬ್ಯಾಂಟ್ ಉಕ್ಕಿನ ಚಾವಣಿಯ, ಗಾಜಿನ ಕಿಟಕಿಯ ಕಾರಿನ ಮುಂಭಾಗವನ್ನು ತೆಗೆದುಕೊಂಡು, ಅದರ ಪಕ್ಕದ ಗೋಡೆಯನ್ನೇ ಹಿಂದಕ್ಕೆ ಎಳೆದು ತೊಟ್ಟಿಯ ಗೋಡೆಯಾಗಿಸಿದ. ಕಾರೂ ತೊಟ್ಟಿಯೂ ಒಂದೇ ಮೈ ಆದವು. 1934ರಲ್ಲಿ ಮಾರಾಟಕ್ಕೆ ಬಂದ ಈ ವಾಹನ ಸುಮಾರು 550 ಕಿಲೊ ಹೊರುತ್ತಿತ್ತು.

ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಎತ್ತಿನ ಬಂಡಿ. ವಾರವೆಲ್ಲ ತಿಪ್ಪೆಯ ಗೊಬ್ಬರ, ಜೋಳದ ತೆನೆ, ಕಬ್ಬು ಹೇರಿದ ಬಂಡಿಯನ್ನೇ ಜಾತ್ರೆಯ ಹಿಂದಿನ ದಿನ ತೊಳೆದು, ಕಮಾನು ಕಟ್ಟಿ, ಹುಲ್ಲು ಹರಡಿ, ಮೇಲೊಂದು ಜಮಖಾನ ಹಾಸಿದರೆ ಮನೆಮಂದಿಯ ಸವಾರಿ ಗಾಡಿ. ಎರಡು ಗಾಡಿ ಇಟ್ಟುಕೊಳ್ಳುವ ಶಕ್ತಿ ಯಾರಿಗಿತ್ತು? ಗಿಪ್ಸ್‌ಲ್ಯಾಂಡಿನ ಆ ಹೆಣ್ಣುಮಗಳು ಕೇಳಿದ್ದನ್ನು ಕನ್ನಡದ ಯಾವ ರೈತ ಮಹಿಳೆಯೂ ಕೇಳಬಹುದಿತ್ತು.

ಟ್ಯಾಕ್ಸಿಯ ಬಿಡಿಭಾಗ, ಲಾರಿಯ ಬೆನ್ನು

ಹೋಲ್ಡನ್ ಕಂಪನಿ ತನ್ನ ಮೊದಲ ಕಾರನ್ನು 1948ರಲ್ಲಿ ಮೆಲ್ಬರ್ನ್‌ನ ಫಿಶರ್‌ಮನ್ಸ್ ಬೆಂಡ್‌ನಲ್ಲಿ ಹೊರತಂದಿತು. 1951ರಲ್ಲಿ ಅದೇ ಕಾರಿನ ಯೂಟ್ ಬಂತು. ಸಿಡ್ನಿಯ ಪೇಜ್‌ವುಡ್‌ನಲ್ಲೂ ಹೋಲ್ಡನ್ ಕಾರ್ಖಾನೆ ಇತ್ತು. 1980ರಲ್ಲಿ ಅದು ಮುಚ್ಚಿತು. ನಾವು ಸಾಮಾನು ಕೊಳ್ಳಲು ಹೋಗುವ ಈಸ್ಟ್‌ಗಾರ್ಡನ್ಸ್ ಮಾಲ್ ಎದ್ದಿರುವುದು ಆ ನೆಲದ ಒಂದು ಭಾಗದ ಮೇಲೆ.

ಈ ಯೂಟ್‌ಗಳ ಬಲವಿದ್ದದ್ದು ಅವು ಮನೆಯ ಕಾರಿನ ಒಡಹುಟ್ಟು ಎಂಬುದರಲ್ಲಿ. ಎಂಜಿನ್, ಬ್ರೇಕ್, ದೀಪ ಎಲ್ಲವೂ ಬಹುಪಾಲು ಕಾರಿನವೇ. ಫಾಲ್ಕನ್ನಿನ ಆರು ಸಿಲಿಂಡರ್ ಎಂಜಿನ್ ಸಿಡ್ನಿ, ಮೆಲ್ಬರ್ನ್ ಟ್ಯಾಕ್ಸಿಗಳಲ್ಲೂ ಇತ್ತು. ವಿದ್ಯಾರ್ಥಿ ದೆಸೆಯಲ್ಲಿ ರಾತ್ರಿ ಪಾಳಿ ಟ್ಯಾಕ್ಸಿ ಓಡಿಸಿದ ನಮ್ಮವರಿಗೆ ಅದರ ಸದ್ದು ಇನ್ನೂ ಗುರುತಿದ್ದೀತು. ಲಕ್ಷಾಂತರ ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಬೇಕಾದ ಬಿಡಿಭಾಗ ಊರೂರಲ್ಲಿ ಸಿಗಲೇಬೇಕು, ರಿಪೇರಿ ಗೊತ್ತಿರುವ ಮೆಕ್ಯಾನಿಕ್‌ಗಳೂ ಇರಲೇಬೇಕು. ಅದರ ಲಾಭ ಯೂಟ್ ಮಾಲೀಕನಿಗೂ ದಕ್ಕಿತು.

ಹಿಂಭಾಗ ಮಾತ್ರ ಲಾರಿಯದು. 1999ರ ನಂತರದ ಫಾಲ್ಕನ್ ಯೂಟ್‌ನಲ್ಲಿ ತೊಟ್ಟಿಯನ್ನು ಕ್ಯಾಬಿನ್ನಿನಿಂದ ಬೇರ್ಪಡಿಸಿದರು. ಹಿಂದಿನ ಚಕ್ರಗಳಿಗೆ ಮೊದಲಿನಂತೆ ಲೀಫ್ ಸ್ಪ್ರಿಂಗ್‌ಗಳನ್ನೇ ಉಳಿಸಿಕೊಂಡರು. ಊರಿನ ಲಾರಿಗಳ ಕೆಳಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವೇ. ಖಾಲಿ ಓಡಿಸಿದರೆ ಕುಲುಕಾಟ ಜಾಸ್ತಿ. ಹೊರೆ ಬಿದ್ದಷ್ಟೂ ಸ್ಥಿರ. ತೊಟ್ಟಿ ನೆಲಕ್ಕೆ ಹತ್ತಿರ. ಸಿಮೆಂಟ್ ಚೀಲವನ್ನು ಸೊಂಟದ ಮಟ್ಟಕ್ಕೆ ಎತ್ತುವುದಕ್ಕೂ ಎದೆಯ ಮಟ್ಟಕ್ಕೆ ಎತ್ತುವುದಕ್ಕೂ ಇರುವ ವ್ಯತ್ಯಾಸ ದಿನಕ್ಕೆ ನಲವತ್ತು ಸಲ ಎತ್ತುವವನ ಬೆನ್ನಿಗೆ ಗೊತ್ತು.

ಥಾಯ್ಲೆಂಡಿನಿಂದ ಬಂದ ಎತ್ತರದ ಯೂಟ್

1980ರ ದಶಕದಲ್ಲಿ ಆಮದು ಕಾರುಗಳ ಮೇಲೆ 57.5 ಶೇಕಡಾದಷ್ಟಿದ್ದ ಸುಂಕ 2010ರ ಹೊತ್ತಿಗೆ 5 ಶೇಕಡಾಕ್ಕೆ ಇಳಿದಿತ್ತು. 2005ರ ಜನವರಿ 1ರಂದು ಥಾಯ್ಲೆಂಡ್ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದು, ಅಲ್ಲಿ ತಯಾರಾದ ಪಿಕಪ್‌ಗಳಿಗೆ ಸುಂಕವೇ ಇಲ್ಲದಾಯಿತು. ಟೊಯೊಟಾ ಹೈಲಕ್ಸ್, ಫೋರ್ಡ್ ರೇಂಜರ್ ಬರುವುದು ಅಲ್ಲಿಂದಲೇ. ರೇಂಜರ್‌ನ ವಿನ್ಯಾಸ ಮೆಲ್ಬರ್ನ್‌ನದು, ತಯಾರಿಕೆ ಮಾತ್ರ ಥಾಯ್ಲೆಂಡಿನದು.

ತೆರಿಗೆಯೂ ಜತೆಗೂಡಿತು. ಉದ್ಯೋಗಿಗೆ ಕೊಟ್ಟ ಕಾರಿನ ಮೇಲೆ ಕಂಪನಿ ಕಟ್ಟಬೇಕಾದ ಸವಲತ್ತು ತೆರಿಗೆ 1986ರಲ್ಲಿ ಬಂತು. ಒಂದು ಟನ್ ಅಥವಾ ಹೆಚ್ಚು ಹೊರುವಂತೆ ರೂಪಿಸಿದ ಯೂಟ್‌ಗೆ, ಸ್ವಂತ ಬಳಕೆ ಮಿತವಾಗಿದ್ದರೆ, ಅದರಿಂದ ವಿನಾಯಿತಿ. ಹೀಗೆ ಐದು ಜನ ಕೂರುವ ಡ್ಯುಯಲ್ ಕ್ಯಾಬ್ ಎಲ್ಲರ ಅಂಗಳಕ್ಕೂ ಬಂತು. ಆದರೆ ಹಿಂದಿನ ಸೀಟಿಗೆ ಜಾಗ ಕೊಟ್ಟ ತೊಟ್ಟಿ ಸುಮಾರು ಒಂದೂವರೆ ಮೀಟರಿಗೆ ಕುಗ್ಗಿತು, ನೆಲದಿಂದ ಮೇಲಕ್ಕೂ ಎದ್ದಿತು.

2016ರ ಜುಲೈಯಲ್ಲಿ ಮೆಲ್ಬರ್ನ್‌ನ ಬ್ರಾಡ್‌ಮೆಡೋಸ್‌ನಲ್ಲಿ ಕೊನೆಯ ಫಾಲ್ಕನ್ ಯೂಟ್ ತಯಾರಾಯಿತು. ಅಕ್ಟೋಬರಿನಲ್ಲಿ ಆ ಕಾರ್ಖಾನೆಯೂ ಗೀಲಾಂಗ್‌ನ ಎಂಜಿನ್ ಘಟಕವೂ ಮುಚ್ಚಿದವು. ಮರುವರ್ಷ ಟೊಯೊಟಾ, ಹೋಲ್ಡನ್ ಕಾರ್ಖಾನೆಗಳ ಸರದಿ. ಬ್ರಾಡ್‌ಮೆಡೋಸ್ ತಲೆಮಾರುಗಳ ಕಾಲ ವಲಸಿಗರಿಗೆ ಅನ್ನ ಕೊಟ್ಟ ಜಾಗ. ಹಳೆಯ ಯೂಟ್‌ನ ಮೇಲೆ ಇಲ್ಲಿನವರಿಗಿರುವ ಮಮತೆಯಲ್ಲಿ ಆ ನೋವೂ ಸೇರಿದೆ.

ಇನ್ನೊಂದು ನಂಟು ನಮಗೆ ಸಂಬಂಧಿಸಿದ್ದು. ಹೈಲಕ್ಸ್ ಮತ್ತು ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದಿಂದ ನಮ್ಮನ್ನು ಮನೆಗೆ ಕರೆದೊಯ್ದ ಹಳೆಯ ಇನ್ನೋವಾ, ಎರಡೂ ಟೊಯೊಟಾ 2004ರಲ್ಲಿ ಆರಂಭಿಸಿದ ಒಂದೇ ಯೋಜನೆಯ ಕೂಸುಗಳು. 2022ರಿಂದ ಹೈಲಕ್ಸ್ ಬಿಡದಿಯಲ್ಲೂ ತಯಾರಾಗುತ್ತಿದೆ. ಆದರೆ ಕರ್ನಾಟಕದ ರೈತ ಅದನ್ನು ಕೊಳ್ಳುವುದು ಅಪರೂಪ. ಟೊಮೆಟೊ ಹೇರಿ ಕೋಲಾರದ ಮಂಡಿಗೆ ಹೋಗಲು ಅವನಿಗೆ ಬೇಕಾದದ್ದು ಟಾಟಾ ಏಸ್ ಅಥವಾ ಬೊಲೆರೋ ಪಿಕಪ್: ಸರಳ, ಅಗ್ಗ, ಎಲ್ಲೆಂದರಲ್ಲಿ ರಿಪೇರಿ ಆಗುವಂಥದ್ದು. ಹಳೆಯ ಫಾಲ್ಕನ್ ಹುಡುಕುವ ಸಿಡ್ನಿಯ ತೋಟಗಾರನ ಲೆಕ್ಕವೂ ಅದೇ.

ಕೊಳ್ಳುವವರಿಗೆ ಎರಡು ಮಾತು

ಹೊಸದಾಗಿ ಬಂದ ನಮ್ಮ ಯುವಕರು ತೋಟದ ಕೆಲಸ, ಮನೆ ಸಾಗಣೆ, ಬಣ್ಣ ಬಳಿಯುವ ಕೆಲಸ ಆರಂಭಿಸುವಾಗ ಹಳೆಯ ಯೂಟ್ ಬಗ್ಗೆ ವಿಚಾರಿಸುವುದುಂಟು. ಅವರಿಗೆ ನನ್ನ ಮಾತು: ಇದು ಇಬ್ಬರು, ಹೆಚ್ಚೆಂದರೆ ಮೂವರು ಕೂರುವ ವಾಹನ, ಮಕ್ಕಳಿರುವ ಮನೆಗೆ ಇದೊಂದೇ ಸಾಲದು. ತೀರಾ ಹಳೆಯವುಗಳಲ್ಲಿ ಏರ್‌ಬ್ಯಾಗ್ ಇಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ವಾಹನಕ್ಕೆ ಪ್ರತಿವರ್ಷ ‘ಪಿಂಕ್ ಸ್ಲಿಪ್’ ತಪಾಸಣೆ ಉಂಟು. ವಿಕ್ಟೋರಿಯಾದಲ್ಲಿ ಸಾಮಾನ್ಯವಾಗಿ ಮಾರುವಾಗ ಮಾತ್ರ ಯೋಗ್ಯತಾ ಪತ್ರ. ಆದ್ದರಿಂದ ಅಲ್ಲಿ ಕೊಂಡವರು ತಾವಾಗಿಯೇ ವರ್ಷಕ್ಕೊಮ್ಮೆ ತುಕ್ಕು, ಬ್ರೇಕ್ ನೋಡಿಸುವುದು ಕ್ಷೇಮ.

ಲೂಯಿಸ್ ಬ್ಯಾಂಟ್ 1987ರಲ್ಲಿ ತೀರಿಕೊಂಡರು, ತಾವೇ ದುರಸ್ತಿ ಮಾಡಿಟ್ಟುಕೊಂಡಿದ್ದ 1934ರ ಯೂಟ್ ಓಡಿಸುತ್ತಿದ್ದಾಗ ನಡೆದ ಅಪಘಾತದಲ್ಲಿ. ಇಂದು 25 ವರ್ಷ ದಾಟಿದ ಯೂಟ್‌ಗಳನ್ನು ವಿಕ್ಟೋರಿಯಾದಲ್ಲಿ ಕ್ಲಬ್ ಪರವಾನಗಿಯಡಿ ವರ್ಷಕ್ಕೆ 45 ಅಥವಾ 90 ದಿನ ಓಡಿಸಬಹುದು. ಹಾಗೆ ಒಂದೊಂದೇ ದುಡಿಮೆ ಬಿಟ್ಟು ಪ್ರದರ್ಶನದ ಸಾಲಿಗೆ ಸೇರುತ್ತಿವೆ. ಉಳಿದವು ಸೋಮವಾರದ ಹೊರೆ ಹೊರುತ್ತಿರುವಾಗಲೇ ನಮ್ಮ ಮಕ್ಕಳಿಗೆ ಅವನ್ನು ತೋರಿಸಿ, ಗಿಪ್ಸ್‌ಲ್ಯಾಂಡಿನ ಪತ್ರದ ಕಥೆಯನ್ನೂ ಅಜ್ಜನ ಕಮಾನು ಬಂಡಿಯ ಕಥೆಯನ್ನೂ ಒಟ್ಟಿಗೇ ಹೇಳೋಣ.