ನೆತ್ತರುಗೊಡಗೆಯಿಂದ ಪರಿಹಾರದ ಅರ್ಜಿಯವರೆಗೆ

ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಹಳ್ಳಿಗಳಲ್ಲಿ ಸುತ್ತಾಡಿದವರಿಗೆ ವೀರಗಲ್ಲುಗಳು ಹೊಸತಲ್ಲ. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಕೆಲವೊಮ್ಮೆ ದನದ ಕೊಟ್ಟಿಗೆಯ ಮಗ್ಗುಲಲ್ಲಿಯೂ ಅವು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ಆತ್ಮ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಆರನೆಯ ಸಂಪುಟದಲ್ಲಿಯೂ ನಾಗಮಂಗಲದವು ಏಳನೆಯದರಲ್ಲಿಯೂ ಇವೆ. ಕನ್ನಡ ನಾಡಿನ ಇಂಥ ಶಾಸನಗಳನ್ನು ಓದುತ್ತ ಹೋದಂತೆ ಒಂದು ಮಾತು ಎದುರಾಗುತ್ತದೆ: ನೆತ್ತರುಗೊಡಗೆ. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ರಕ್ತಕೊಡಗೆ ಎಂತಲೂ ಕರೆದಿದ್ದಾರೆ. ದುಡಿಯುವವನು ಹೋದನು, ಉಳಿದವರು ಉಣ್ಣಬೇಕು ಎಂಬ ಲೆಕ್ಕ ಆ ಕಾಲಕ್ಕೇ ಸ್ಪಷ್ಟವಾಗಿತ್ತು.

ಆದರೆ ಆ ಕೊಡಗೆ ಕತ್ತಿ ಹಿಡಿದವನಿಗೆ, ಊರಿನ ದನವನ್ನು ಉಳಿಸಿದವನಿಗೆ. ಉಳಿ ಹಿಡಿದವನ ವಿಷಯ ಬೇರೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇಗುಲದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕಲ್ಲಿನಲ್ಲಿ ಉಳಿಯಿತು. ಅದೇ ದೇಗುಲಕ್ಕೆ ಬಂಡೆ ಸಾಗಿಸಿದ ಆಳುಗಳ ಹೆಸರನ್ನು ಯಾರೂ ಕೆತ್ತಲಿಲ್ಲ. ಹೊಸಹೊಳಲಿನ ಗುಡಿಯ ಸೂಕ್ಷ್ಮ ಕೆತ್ತನೆಯನ್ನು ಕಂಡಾಗಲೆಲ್ಲ ನನಗೆ ಸಾರುವೆಯ ನೆನಪಾಗುತ್ತದೆ. ಅಷ್ಟೆತ್ತರಕ್ಕೆ ಕಲ್ಲನ್ನು ಏರಿಸುವಾಗ ಹಗ್ಗ ಒಮ್ಮೆಯೂ ಹರಿಯದೆ ಇದ್ದೀತೇ?

ಈ ಪ್ರಶ್ನೆ ಇತ್ತೀಚಿನ ಕಾಲಕ್ಕೂ ಸಲ್ಲುತ್ತದೆ. 1911ರ ನವೆಂಬರಿನಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟೆಯ ಕೆಲಸ ಮೊದಲಾಯಿತು. ಆಗ ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಇಂಜಿನಿಯರರು. ಸಿಮೆಂಟಿಲ್ಲದೆ, ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಲ್ಲು ಕಟ್ಟುವ ಕೆಲಸ. ಭರದ ದಿನಗಳಲ್ಲಿ ಸುಮಾರು ಹತ್ತು ಸಾವಿರ ಜನ ದುಡಿದರು. ರಾತ್ರಿಯೂ ದೀಪ ಹಾಕಿ ಕೆಲಸ ನಡೆಯಿತು, ಕೂಲಿಯವರ ಬಿಡಾರಗಳಲ್ಲಿ ಮಲೇರಿಯಾ ಕಾಡಿತು. ಬಳಿಕ ನಾಲೆಗಾಗಿ ಹುಲಿಕೆರೆಯ ಬಳಿ ಎರಡೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗವನ್ನು ಕೊರೆದರು. ಮಂಡ್ಯದ ಗದ್ದೆಗಳು ಇಂದು ಹಸುರಾಗಿರುವುದು ಆ ಕೆಲಸದಿಂದ. ಆದರೆ ಅಡಿಗಲ್ಲು ಬಿದ್ದ ಆ ದಿನ, ಕೆಲಸದಲ್ಲಿ ಕಾಲು ಮುರಿದ ಕೂಲಿಯವನು ಹಕ್ಕಿನಿಂದ ಕೇಳಬಹುದಾದ ಪರಿಹಾರದ ಶಾಸನ ಮೈಸೂರು ಸಂಸ್ಥಾನದಲ್ಲಿಯೂ ಇರಲಿಲ್ಲ, ಬ್ರಿಟಿಷ್ ಇಂಡಿಯಾದಲ್ಲಿಯೂ ಇರಲಿಲ್ಲ. ಕೊಟ್ಟರೆ ಅದು ದಯೆ.

ಇಂಗ್ಲೆಂಡಿನ ಕತೆಯೂ ಬಹುಕಾಲ ಇದಕ್ಕಿಂತ ಉತ್ತಮವಾಗಿರಲಿಲ್ಲ. 1837ರಲ್ಲಿ ಅಲ್ಲಿ ಒಂದು ಮೊಕದ್ದಮೆ ನಡೆಯಿತು. ಕಟುಕನೊಬ್ಬನ ಆಳು, ಮಿತಿಮೀರಿ ಹೇರಿದ ಬಂಡಿ ಮುರಿದುಬಿದ್ದು ಗಾಯಗೊಂಡಿದ್ದ. ಪಂಚರು ನೂರು ಪೌಂಡು ಕೊಡಿಸಿದರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಪಾಯ ಗೊತ್ತಿದ್ದೇ ಕೆಲಸಕ್ಕೆ ನಿಂತವನು ಯಜಮಾನನನ್ನು ಕೇಳುವಂತಿಲ್ಲ ಎಂಬುದು ವಾದ. ಕಬ್ಬಿನ ಹೇರನ್ನು ಕಂಡು ಬೆಳೆದ ನಮ್ಮ ಸೀಮೆಯವರಿಗೆ ಆ ಬಂಡಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಜರ್ಮನಿ 1884ರಲ್ಲಿ ಅಪಘಾತ ವಿಮೆಯನ್ನು ತಂದಿತು, ಬ್ರಿಟನ್ 1897ರಲ್ಲಿ ಪರಿಹಾರದ ಕಾಯಿದೆ ಮಾಡಿತು. ಭಾರತದಲ್ಲಿ ಅದು ಬಂದದ್ದು 1923ರಲ್ಲಿ; ಜಾರಿಯಾದದ್ದು 1924ರ ಜುಲೈ 1ರಂದು. ಸಂಸ್ಥಾನಗಳಿಗೆ ಅದು ತಾನಾಗಿ ಅನ್ವಯಿಸಲಿಲ್ಲ. ಆ ದಶಕ ಮುಗಿಯುವುದರೊಳಗೆ ಮೈಸೂರೂ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಅಷ್ಟರಲ್ಲಿ ಅಣೆಕಟ್ಟೆಯ ಬಹುಪಾಲು ಕೆಲಸ ಮುಗಿದೇ ಹೋಗಿತ್ತು.

ಈ ಕಾಯಿದೆಯ ತಿರುಳು ಒಂದೇ: ತಪ್ಪು ಯಾರದು ಎಂದು ಮೊದಲು ಕೇಳಬೇಡಿ. ಗಾಯ ಕೆಲಸದಿಂದ, ಕೆಲಸದ ವೇಳೆಯಲ್ಲಿ ಆಯಿತೇ ಎಂಬುದನ್ನು ಕೇಳಿರಿ. ಕುಡಿದಿದ್ದ, ಸುರಕ್ಷೆಯ ಆಜ್ಞೆಯನ್ನು ಬೇಕೆಂದೇ ಮೀರಿದ ಎಂಬ ವಾದಗಳಿಗೆ ಅವಕಾಶವುಂಟು. ಆದರೆ ಸಾವಾದಾಗ ಅಥವಾ ಶಾಶ್ವತವಾಗಿ ಪೂರ್ಣ ಅಶಕ್ತತೆಯಾದಾಗ ಅವೂ ನಿಲ್ಲವು. ಮೊದಲಿಗೆ ಹತ್ತು ದಿನ ಮೀರಿದ ಅಶಕ್ತತೆಗೆ ಮಾತ್ರ ಪರಿಹಾರವಿತ್ತು. ಮುಂದೆ ಅದು ಏಳು ದಿನಕ್ಕೆ, ಬಳಿಕ ಮೂರು ದಿನಕ್ಕೆ ಇಳಿಯಿತು.

ಕಾವೇರಿಯ ನೀರಿನೊಡನೆ ಕಬ್ಬು ಬಂತು, ಕಬ್ಬಿನೊಡನೆ ಯಂತ್ರ ಬಂತು. ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಬೆಲ್ಲವನ್ನು ಶುದ್ಧೀಕರಿಸುತ್ತಿತ್ತು. ಮಂಡ್ಯದ ಕಾರ್ಖಾನೆ 1933ರಲ್ಲಿ ಸ್ಥಾಪನೆಯಾಯಿತು, ಪಾಂಡವಪುರದ ಸಹಕಾರಿ ಕಾರ್ಖಾನೆ ಐವತ್ತರ ದಶಕದ್ದು, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯದು ಇನ್ನೂ ಈಚಿನದು. ದೊಡ್ಡ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕವಿದೆ, ಸಂಘವಿದೆ. ಕಷ್ಟವಿರುವುದು ಆಲೆಮನೆಯಲ್ಲಿ. ಗಾಣಕ್ಕೆ ಕಬ್ಬು ಕೊಡುವ ಕೈ, ಕೊಪ್ಪರಿಗೆಯ ಕುದಿವ ಹಾಲಿನ ಮುಂದಿನ ಮೈ, ಇವಕ್ಕೆ ರಕ್ಷಣೆ ಕೇವಲ ಎಚ್ಚರ. ಇಂದು ಅಲ್ಲಿ ಕೆಲಸ ಮಾಡುವವರಲ್ಲಿ ಉತ್ತರ ಭಾರತದಿಂದ ಬಂದವರೂ ಇದ್ದಾರೆ. ಕಬ್ಬು ಕಡಿಯಲು ಬಳ್ಳಾರಿಯ ಕಡೆಯಿಂದ ಬರುತ್ತಾರೆ. ಬೇಬಿ ಬೆಟ್ಟದ ಕಲ್ಲುಗಣಿಗಳದ್ದೂ ಇದೇ ಸ್ಥಿತಿಯಾಗಿತ್ತು. ಅಣೆಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ತಡೆದದ್ದು ಕಟ್ಟೆಯ ಸುರಕ್ಷತೆಗಾಗಿ. ಅಲ್ಲಿ ಕೈಕಾಲು ಕಳೆದುಕೊಂಡವರ ಲೆಕ್ಕ ಬೇರೆಯದೇ.

ಇಂಥ ಕಡೆ ಅವಘಡವಾದಾಗ ಸಾಮಾನ್ಯವಾಗಿ ನಡೆಯುವುದು ಪಂಚಾಯಿತಿ. ಆಸ್ಪತ್ರೆಯ ಖರ್ಚು, ಕೈಗಿಷ್ಟು ಹಣ, ಒಂದು ಕಾಗದಕ್ಕೆ ಹೆಬ್ಬೆಟ್ಟು. ಅಲ್ಲಿಗೆ ಮುಗಿಯಿತೆಂದು ಎರಡು ಕಡೆಯವರೂ ತಿಳಿಯುತ್ತಾರೆ. 1923ರ ಕಾಯಿದೆ ಹಾಗೆ ತಿಳಿಯಲಿಲ್ಲ. ಹಕ್ಕನ್ನು ಬಿಟ್ಟುಕೊಟ್ಟೆನೆಂಬ ಕರಾರು ಅದರ ಪ್ರಕಾರ ಅಸಿಂಧು. ಸತ್ತವನ ಕುಟುಂಬಕ್ಕೆ ಮಾಲೀಕನು ನೇರವಾಗಿ ಕೊಟ್ಟದ್ದು, ಅಲ್ಪ ಮುಂಗಡವನ್ನುಳಿದು, ಪರಿಹಾರವೆನಿಸದು. ಹಣವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಗುತ್ತಿಗೆದಾರನ ಕಡೆಯವನಾದರೂ ಮೂಲ ಮಾಲೀಕನು ಜವಾಬ್ದಾರಿಯಿಂದ ನುಣುಚಿಕೊಳ್ಳುವಂತಿಲ್ಲ. ಒಂದು ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12ರ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಅರ್ಧದವರೆಗೆ ದಂಡ.

ಅರ್ಜಿಯ ಕೆಲಸವೂ ಅಷ್ಟೇನೂ ಗಹನವಲ್ಲ. ಅವಘಡದ ಸುದ್ದಿಯನ್ನು ಆದಷ್ಟು ಬೇಗ ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸುವುದು, ಎರಡು ವರ್ಷದೊಳಗೆ ಆಯುಕ್ತರ ಮುಂದೆ ಅರ್ಜಿ ಹಾಕುವುದು. ಮಂಡ್ಯ ಜಿಲ್ಲೆಯವರಿಗೆ ಹಿಂದೆ ಆಯುಕ್ತರೆಂದರೆ ಕಾರ್ಮಿಕ ಅಧಿಕಾರಿ. ಬಳಿಕ ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಆ ಅಧಿಕಾರ ಹೋಯಿತು. ಅವಘಡವಾದ ಊರಲ್ಲಿಯೇ ಹಾಕಬೇಕೆಂದಿಲ್ಲ, ಗಾಯಾಳು ಅಥವಾ ಅವನ ಅವಲಂಬಿತರು ವಾಸವಿರುವ ಕಡೆಯೂ ಹಾಕಬಹುದು. ದೂರದಿಂದ ಬಂದ ಕೂಲಿಗೆ ಇದು ದೊಡ್ಡ ಅನುಕೂಲ. ಕಠಿಣವಾದದ್ದು ಒಂದೇ, ತಾನು ಅಲ್ಲಿ ಕೆಲಸಕ್ಕಿದ್ದೆ ಎಂದು ತೋರಿಸುವುದು. ಹಾಜರಿ ಚೀಟಿಯಿಲ್ಲದ ಕಡೆ ಆಸ್ಪತ್ರೆಯ ಮೊದಲ ಚೀಟಿಯಲ್ಲಿ ‘ಗಾಣಕ್ಕೆ ಸಿಕ್ಕಿ’ ಎಂದು ಬರೆಸಿದರೋ ‘ಮನೆಯಲ್ಲಿ ಬಿದ್ದು’ ಎಂದು ಬರೆಸಿದರೋ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ಬದುಕು ನಿಲ್ಲಬಹುದು.

ಮೊತ್ತಕ್ಕೆ ಪಟ್ಟಿಯಿದೆ. ಹೆಬ್ಬೆರಳು ಹೋದರೆ ನೂರಕ್ಕೆ 30, ನಾಲ್ಕು ಬೆರಳಿಗೆ 50, ಒಂದು ಹಸ್ತಕ್ಕೆ 60. ತಿಂಗಳ ಸಂಬಳದ ಮಿತಿ 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿತು. ಆ ಲೆಕ್ಕದಲ್ಲಿ, ಅಷ್ಟು ಸಂಬಳದ ಮೂವತ್ತು ವರ್ಷದವನ ಹಸ್ತ ಹೋದರೆ, ಸಂಬಳದ ನೂರಕ್ಕೆ 60ನ್ನು ವಯಸ್ಸಿನ ಅಂಶವಾದ 207.98ರಿಂದ ಗುಣಿಸಿ ಅದರ ನೂರಕ್ಕೆ 60 ತೆಗೆದರೆ 11,23,092 ರೂಪಾಯಿ. ಪಂಚಾಯಿತಿಯ ಕಟ್ಟೆಯ ಮೇಲೆ ಇಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಉಚ್ಚರಿಸುವುದಿಲ್ಲ.

ಈ ಪಟ್ಟಿಯೇ ಕೊನೆಯ ಮಾತಲ್ಲ. ಒಡಿಶಾದ ಜೇಪೋರಿನಲ್ಲಿ 1968ರಲ್ಲಿ, ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬ ಬಿದ್ದು ಎಡಗೈಯನ್ನು ಮೊಣಕೈಯ ಮೇಲಿಂದ ಕಳೆದುಕೊಂಡ. ಪಟ್ಟಿಯ ಪ್ರಕಾರ ಇದು ಭಾಗಶಃ ನಷ್ಟ ಎಂದು ಮಾಲೀಕನ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ಣ ಎಂದು ಆಯುಕ್ತರು ತೀರ್ಮಾನಿಸಿದರು. 1975ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಪರಿಹಾರ 9,800 ರೂಪಾಯಿ, ಮೇಲೆ ದಂಡ, ಬಡ್ಡಿ. ಪರಿಹಾರ ಕೊಡಬೇಕಾದದ್ದು ತೀರ್ಪಿನ ದಿನದಿಂದಲ್ಲ, ಗಾಯವಾದ ದಿನದಿಂದ ಎಂದೂ ನ್ಯಾಯಾಲಯ ಹೇಳಿತು. ನಾಗಮಂಗಲದ ಎರಕದ ಮನೆಯಲ್ಲಿ ಕಣ್ಣು ಕೆಡಿಸಿಕೊಂಡವನಿಗೂ ಈ ತರ್ಕ ಸಲ್ಲುತ್ತದೆ: ಕಳೆದದ್ದು ಅಂಗವೆಷ್ಟು ಎಂಬುದಲ್ಲ, ಕಸುಬು ಎಷ್ಟು ಎಂಬುದು.

1923ರ ಕಾಯಿದೆ 2010ರಲ್ಲಿ ಹೆಸರು ಬದಲಿಸಿಕೊಂಡು ‘ಕಾರ್ಮಿಕ’ನ ಬದಲು ‘ಉದ್ಯೋಗಿ’ಯನ್ನು ಹೇಳತೊಡಗಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ನೂರು ವರ್ಷ ಬಾಳಿದ ಆ ಕಾಯಿದೆ ಅದರ ಏಳನೆಯ ಅಧ್ಯಾಯದೊಳಗೆ ಸೇರಿಹೋಯಿತು. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸದಿಂದ ಮರಳುವ ದಾರಿಯಲ್ಲಾದ ಅವಘಡವನ್ನೂ ಕೆಲಸದ್ದೆಂದು ಎಣಿಸಲು ಹೊಸ ಸಂಹಿತೆ ಎಡೆಮಾಡಿದೆ. ಮುಂಜಾನೆ ಕಬ್ಬಿನ ಗದ್ದೆಗೆ ಟ್ರಾಕ್ಟರಿನ ಟ್ರೇಲರಿನಲ್ಲಿ ನಿಂತು ಹೋಗುವವರನ್ನು ಪಾಂಡವಪುರದ ರಸ್ತೆಯಲ್ಲಿ ಯಾವ ಸುಗ್ಗಿಯಲ್ಲಿಯಾದರೂ ನೋಡಬಹುದು.