ಮೈಲಾರಲಿಂಗನೂ ಹೈಡೆಲ್‌ಬರ್ಗಿನ ಪಂಡಿತರೂ

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಬಿಲ್ಲನ್ನೇರಿ ಕಾರಣಿಕವೆಂಬ ಭವಿಷ್ಯವಾಣಿ ನುಡಿಯುವ, ಕಂಬಳಿ ಹೊದ್ದ ಗೊರವಯ್ಯನ ಸ್ವಾಮಿಯಾದ ಮೈಲಾರಲಿಂಗನೇ ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬನೆಂದು ಪೂಜೆಗೊಳ್ಳುವನೆಂಬುದನ್ನು ಇಲ್ಲಿನ ಕುರುಬರೂ ಅಲ್ಲಿನ ಕುರಿಗಾಹಿ ಧನಗರರೂ ಬಹುಕಾಲದಿಂದ ಬಲ್ಲರಾದರೂ, ವಿಶ್ವವಿದ್ಯಾಲಯಗಳ ದೃಷ್ಟಿ ಸಂಸ್ಕೃತ ಗ್ರಂಥಗಳನ್ನು ದಾಟಿ ಕುರಿಹಟ್ಟಿಯವರೆಗೆ ಬಂದದ್ದು ತೀರ ತಡವಾಗಿ. ಹಾಗೆ ಬರುವಂತೆ ಮಾಡಿದವರಲ್ಲಿ ಅಗ್ರಗಣ್ಯರು ಜರ್ಮನಿಯ ಗುಂಥರ್ ಡೀಟ್ಜ್ ಸೊಂಥೈಮರ್ (1934–1992).

ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಸ್ಥಾಪಿತವಾದ ದಕ್ಷಿಣ ಏಷ್ಯಾ ಸಂಸ್ಥೆಯಲ್ಲಿ ಬೋಧಿಸುತ್ತಿದ್ದ ಇವರು, ಧರ್ಮಶಾಸ್ತ್ರದಲ್ಲಿ ನುರಿತವರಾಗಿಯೂ, ಧನಗರರ ಓವಿಗಳೆಂಬ ಹಾಡುಗಳನ್ನು ಅವರ ಬಾಯಿಂದಲೇ ಧ್ವನಿಮುದ್ರಿಸಿಕೊಂಡು, ಬೀರೋಬ, ಮ್ಹಸ್ಕೋಬ, ಖಂಡೋಬರೆಂಬ ಕುರಿಗಾಹಿಗಳ ದೈವಗಳನ್ನು ಕುರಿತ ಮೇರುಗ್ರಂಥವನ್ನು 1976ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. 1989ರಲ್ಲಿ ಅದು ಇಂಗ್ಲಿಷಿಗೆ ಬಂದಿತು. ಸಂಗ್ರಹಿಸಿದ್ದರಲ್ಲಿ ಎರಡು ಮೌಖಿಕ ಕಾವ್ಯಗಳು, ವಿದ್ವಾಂಸೆ ಆನ್ ಫೆಲ್ಡ್‌ಹೌಸ್ ಮೊದಲಾದವರ ಪರಿಶ್ರಮದಿಂದ, 2014ರಲ್ಲಿ ಬೆಳಕು ಕಂಡವು.